ಹೆಸರಿಲ್ಲದ ಗುಂಡಿಗಳು

ತಾರ್ತು ಊರಲ್ಲಿ ಫೆಬ್ರವರಿ. ಜನ ನದಿಯ ಮೇಲೇ ನಡೆದು ದಾಟುತ್ತಾರೆ.
ಹಳೇ ಚರ್ಮದ ಕಾರ್ಖಾನೆಯ ಮೂರನೇ ಮಹಡಿಯಲ್ಲಿ
ಕಿಟಕಿಗೆ ಬೆನ್ನು ಹಾಕಿ ಕೂತ ಲೇಲೊ
ಒಂದು ಪುಟದ ಬಣ್ಣ ಕೆರೆಯುತ್ತಿದ್ದಾಳೆ.

ಸೆಪಿಕೋದಾ ಅದರ ಹೆಸರು; ಅಲ್ಲಿಯವರ ಮಾತಲ್ಲಿ ಕುಲುಮೆ.
ಯಾರು ಯಾರೋ ಬರೆದ ಸಾಲುಗಳನ್ನು ಇರುಳು ಒಟ್ಟಿಗೆ ತಂದು
ಕಾಯಿಸಿ ಬಡಿದು ಬೆಸೆದು
ಬೆಳಗಾಗುವುದರೊಳಗೆ ಕಟ್ಟಿಡುತ್ತದೆ.
ಕಟ್ಟಿದರೆ ಹಸಿರು, ಮುರಿದರೆ ಕೆಂಪು.
ಕಾಸಿಲ್ಲ, ಕಾವಲಿಲ್ಲ,
ಬೇಕಾದವರು ಬಂದು ತಿದಿ ಒತ್ತಬಹುದು.

ಹೆಲ್ದುರ್ ಬರೆದು ಹದಿನೆಂಟು ವರ್ಷ,
ಜ್ವರ ಬಂದ ಒಂದು ವಾರದ ರಜೆಯಲ್ಲಿ.
ಬೂದು ಕೋಷ್ಟಕ, ಅಡಿಗೆರೆ ಎಳೆದ ನೀಲಿ ಪದಗಳು.
ತೆರಿಗೆ ಕಚೇರಿಯ ರಸೀದಿ ಇದ್ದ ಹಾಗಿದೆ ಎಂದು
ಹೊಸಬರು ನಗುತ್ತಿದ್ದರು. ಅವನೂ ನಗುತ್ತಿದ್ದ.

ಲೇಲೊ ಅಂಚುಗಳನ್ನು ದುಂಡಗೆ ಮಾಡಿದಳು.
ಗೆರೆ ಅಳಿಸಿ, ಬಿಳಿಗೆ ಉಸಿರಾಡಲು ಜಾಗ ಬಿಟ್ಟಳು.
ಪದಗಳನ್ನೆಲ್ಲ ಗುಡಿಸಿ ಚಿತ್ರ ಇಟ್ಟಳು:
ಶುರುವಿಗೆ ತ್ರಿಕೋನ, ನಿಲ್ಲಿಸಲು ಚೌಕ,
ಮತ್ತೊಮ್ಮೆ ಎನ್ನಲು ತನ್ನ ಬಾಲ ತಾನೇ ಅಟ್ಟುವ ಬಾಣ,
ಕಸದ ಬುಟ್ಟಿ. ರಾತ್ರಿಗೆಂದು ಕಪ್ಪು ಉಡುಪು ಬೇರೆ.
ಹೆಲ್ದುರ್ ನೋಡಿದ, ಕನ್ನಡಕ ತೆಗೆದು ಮತ್ತೆ ನೋಡಿದ,
"ಚೆನ್ನಾಗಿದೆ" ಅಂದ,
ಅಳಿಯ ಮಾಡಿದ ಅಡುಗೆಗೆ ಅನ್ನುವ ಹಾಗೆ.

ಮೂರು ದಿನ ಹೊಗಳಿಕೆ.
ನಾಲ್ಕನೇ ದಿನ ಕ್ಲೈಪೇದಾ ಬಂದರಿನಿಂದ ಫೋನು.
ವೈದೋತಾಸ್. ಹಡಗಿನಿಂದ ಪೆಟ್ಟಿಗೆ ಎತ್ತುವ ಕ್ರೇನುಗಳ ತಂತ್ರಾಂಶವನ್ನು
ಹನ್ನೊಂದು ವರ್ಷದಿಂದ ಇದೇ ಕುಲುಮೆಯಲ್ಲಿ ಕಟ್ಟುತ್ತಿರುವವನು.
ಬೈಯಲಿಲ್ಲ. "ಸುಮ್ಮನೆ ಕೇಳಿ" ಅಂದು
ಫೋನನ್ನು ತನ್ನ ಕಂಪ್ಯೂಟರಿನ ಬಾಯಿಗೆ ಹಿಡಿದ.

ಅವಸರದ ಯಂತ್ರದನಿ:
ಗುಂಡಿ. ಗುಂಡಿ. ಗುಂಡಿ. ಗುಂಡಿ.
ಹತ್ತೊಂಬತ್ತಕ್ಕೆ ಲೇಲೊಳ ಎಣಿಕೆ ತಪ್ಪಿತು.

"ಹಳೆಯ ಪುಟದಲ್ಲಿ ಪ್ರತಿಯೊಂದಕ್ಕೂ ಪದವಿತ್ತು," ಅಂದ.
"ಮನೆಯ ಮೆಟ್ಟಿಲು ಗೊತ್ತಿದ್ದಂತೆ ಗೊತ್ತಿತ್ತು ನನಗೆ.
ಈಗ ನಿಲ್ಲಿಸುವುದು ಯಾವುದು, ಅಳಿಸುವುದು ಯಾವುದು?"

ಅವರಿಬ್ಬರ ಭಾಷೆಯಲ್ಲೂ ಇಲ್ಲದ್ದು ನಮ್ಮದರಲ್ಲಿದೆ:
ಒತ್ತುವುದೂ ಗುಂಡಿ,
ಬೀಳುವುದೂ ಗುಂಡಿ.

ಲೇಲೊ ಹೆಲ್ದುರನ ಕಡೆ ತಿರುಗಿದಳು:
"ನಿಮಗೆ ಗೊತ್ತಿತ್ತೇ, ಇಂಥವರಿಗೆಂದೇ ಪದ ಇಟ್ಟಿರಾ?"
"ಇಲ್ಲಮ್ಮ," ಅಂದ ಹೆಲ್ದುರ್,
"ನನಗೆ ಚಿತ್ರ ಬರೆಯಲು ಬರುತ್ತಿರಲಿಲ್ಲ."

ಆ ರಾತ್ರಿ ನಾಮಕರಣ.
ಕಪ್ಪು ರೊಟ್ಟಿ, ಒಣಗಿದ ಮೀನು, ಆರಿಹೋದ ಚಹಾ.
ನಲವತ್ತೊಂದು ಗುಂಡಿಗಳಿಗೆ ಒಂದೊಂದಾಗಿ
ಕಿವಿಯಲ್ಲಿ ಹೆಸರು ಉಸುರಿದರು,
ಕಣ್ಣಿಗೆ ಕಾಣದೆ ಕಿವಿಗೆ ಮಾತ್ರ ಕೇಳುವ ಹೆಸರು.
ದುಂಡಗಿನ ಅಂಚು ಹಾಗೇ ಉಳಿಯಿತು.

ಕೊನೆಗೊಂದು ಮೂಲೆಯ ಚುಕ್ಕಿ.
ಹಳೇ ಪುಟದಲ್ಲೂ ಬರೀ ಚುಕ್ಕಿಯೇ.
"ಇಟ್ಟದ್ದು ನಾನೇ," ಹೆಲ್ದುರ್ ತಲೆ ಕೆರೆದ, "ಯಾಕೆಂದು ಮರೆತಿದೆ."
ಸದ್ಯಕ್ಕೆ "ಗೊತ್ತಿಲ್ಲ" ಎಂದು ಬರೆದಿಟ್ಟರು.

ಫೋನಿನಾಚೆ ಯಂತ್ರ ಓದಿತು: ಗೊತ್ತಿಲ್ಲ, ಗುಂಡಿ.
ವೈದೋತಾಸ್ ಒತ್ತಿಯೇಬಿಟ್ಟ.
ಬಂದರಿನ ಆ ಕೋಣೆಯಲ್ಲಿ ಮೇಜಿನ ಕೆಳಗಿನಿಂದ
ಧೂಳು ಹಿಡಿದ ಪೆಟ್ಟಿಗೆಯೊಂದು ಮೂರು ಸಲ ಕೂಗಿತು.

"ಅಯ್ಯೋ!" ಹೆಲ್ದುರನಿಗೆ ಥಟ್ಟನೆ ನೆನಪಾಯಿತು.
ನೆಲಮಾಳಿಗೆ. ಸುಟ್ಟುಹೋದ ಬಲ್ಬು. ಒಂದೇ ರೀತಿಯ ಏಳು ಯಂತ್ರಗಳು.
ಕತ್ತಲಲ್ಲಿ ತನ್ನದು ಯಾವುದೆಂದು ತಿಳಿಯಲು
ಇಟ್ಟುಕೊಂಡಿದ್ದ ಕೂಗು.

ಲೇಲೊ "ಗೊತ್ತಿಲ್ಲ" ಅಳಿಸಿ "ಇಲ್ಲಿದ್ದೇನೆ" ಎಂದು ಬರೆದಳು.
ಬರೆಯುವಾಗ ಒಂದು ಅಲ್ಪವಿರಾಮ ಬಿಟ್ಟುಹೋಯಿತು.

ಬೆಳಗಿನ ಐದಕ್ಕೆ, ಲೇಲೊ ಇನ್ನೂ ಮಲಗಿದ್ದಾಗ,
ಕ್ಲೈಪೇದಾದಲ್ಲಿ ಆ ದನಿ ನಿಧಾನವಾಗಿ, ಸ್ಪಷ್ಟವಾಗಿ ಹೇಳಿತು:
ಮೂರನೇ ಸಾಲು. ಎರಡನೇ ಅಂಕಣ. ಮುರಿದಿದೆ.
ವೈದೋತಾಸ್ ಕಾಫಿಗೆ ನೀರಿಟ್ಟು
ಇನ್ನೊಮ್ಮೆ ಓದಿಸಿದ.